ನೋವು ತಣಿಸುವವರ ನೋವು

“ಸಿಸ್ಟರ್, ನಾನು ಮನೆಗೆ ಹೋಗೋದು ಯಾವಾಗಮ್ಮ?”

ಕ್ಯಾನ್ಸರ್ ಮೈತುಂಬ ಹರಡಿದ ರೋಗಿಯೊಬ್ಬರು ಹೀಗೆ ಕೇಳಿದರೆ ದಾದಿ ಏನು ಹೇಳಬೇಕು? ಅಪ್ಪನಿಗೆ ನಿಜ ಸಂಗತಿ ತಿಳಿಸಬೇಡಿ ಎಂದು ಮಗ ಬಾಗಿಲಾಚೆ ಕೈಮುಗಿದು ಬೇಡಿಕೊಂಡಿರುತ್ತಾನೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಸುಳ್ಳು ಹೇಳಿದರೆ ರೋಗಿಗೆ ದ್ರೋಹ, ನಿಜ ಹೇಳಿದರೆ ಮನೆಯವರ ಕೋಪ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದು ಅಪರೂಪದ ಪ್ರಸಂಗವೇನಲ್ಲ.

ಗುಣವಾಗದ ಕಾಯಿಲೆಯವರ ನೋವು, ವಾಂತಿ, ಉಬ್ಬಸ, ಹುಣ್ಣುಗಳ ಬಾಧೆಯನ್ನು ತಗ್ಗಿಸಿ, ಇರುವಷ್ಟು ದಿನ ನೆಮ್ಮದಿಯಿಂದ ಇರಲು ನೆರವಾಗುವುದೇ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್. ಲ್ಯಾಟಿನ್ ಭಾಷೆಯಲ್ಲಿ ‘ಪ್ಯಾಲಿಯಂ’ ಎಂದರೆ ಮೇಲುಹೊದಿಕೆ. ಈ ಆರೈಕೆಗೆ ಇಂದಿನ ರೂಪ ಕೊಟ್ಟವರು ಸಿಸೆಲಿ ಸಾಂಡರ್ಸ್. ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು, ನಂತರ ವೈದ್ಯಶಾಸ್ತ್ರ ಓದಿದ ಈಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಭಾರತದ ಮೊದಲ ಹಾಸ್ಪಿಸ್ ಮುಂಬಯಿಯ ಶಾಂತಿ ಅವೇದ್ನಾ, 1986ರಲ್ಲಿ ಆರಂಭವಾಯಿತು. ಬೆಂಗಳೂರಿನ ಮಾರತ್ತಹಳ್ಳಿ ಬಳಿ 1999ರಲ್ಲಿ ತೆರೆದ ‘ಕರುಣಾಶ್ರಯ’ದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ದೊರೆಯುತ್ತದೆ.

ದಿನವೂ ಸಾವು ನೋಡುವವರ ಮನಸ್ಸು ಕುಗ್ಗದೆ ಇದ್ದೀತೆ ಎಂದು ಯಾರಿಗಾದರೂ ಅನ್ನಿಸುತ್ತದೆ. ವಿಚಿತ್ರವೆಂದರೆ, ಈ ದಾದಿಯರನ್ನು ಹೆಚ್ಚು ದಣಿಸುವುದು ಸಾವಲ್ಲ. ಕೆನಡಾದ ಮೇರಿ ವ್ಯಾಶೋನ್ ಸಾಯುವವರ ಶುಶ್ರೂಷೆಯಲ್ಲಿರುವ ನೂರಾರು ಮಂದಿಯನ್ನು ಮಾತನಾಡಿಸಿ 1987ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಒತ್ತಡದ ಬಹುಪಾಲು ಬರುವುದು ರೋಗಿಗಳಿಂದಲ್ಲ, ಕೆಲಸದ ವಾತಾವರಣದಿಂದ ಎಂಬುದು ಅದರ ಮುಖ್ಯ ತೀರ್ಮಾನ. ಸಹೋದ್ಯೋಗಿಗಳ ನಡುವೆ ಮಾತುಕತೆ ಇಲ್ಲದಿರುವುದು, ತನ್ನ ಹೊಣೆ ಎಲ್ಲಿಯವರೆಗೆ ಎಂಬ ಗೊಂದಲ, ಮೇಲಿನವರ ಅಸಡ್ಡೆ ಇವೆಲ್ಲ ಅದರಲ್ಲಿ ಸೇರಿವೆ.

ಹಾಗಾದರೆ ರೋಗಿಯನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಕೆಲಸ ಮಾಡಿದರೆ ಆಗದೆ? ಹಿರಿಯರು ಕಿರಿಯ ದಾದಿಯರಿಗೆ ಹೇಳಿಕೊಡುವ ಉಪಾಯವೇ ಇದು. ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯನ್ನು ಅಧ್ಯಯನ ಮಾಡಿದ ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್ 1960ರ ಸುಮಾರಿಗೆ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಅಲ್ಲಿ ರೋಗಿಗೆ ಹೆಸರೇ ಇರಲಿಲ್ಲ. ‘ಹತ್ತನೇ ಹಾಸಿಗೆಯ ಲಿವರ್’ ಎಂಬಂತೆ ಗುರುತಿಸುತ್ತಿದ್ದರು! ಯಾವ ದಾದಿಯೂ ಒಬ್ಬನೇ ರೋಗಿಯ ಬಳಿ ಹೆಚ್ಚು ಹೊತ್ತು ಇರದಂತೆ ಕೆಲಸವನ್ನು ಚೂರುಚೂರು ಮಾಡಿ ಹಂಚಲಾಗಿತ್ತು. ಆತಂಕ ತಡೆಯಲೆಂದು ಕಟ್ಟಿದ ಈ ಗೋಡೆ ಆತಂಕವನ್ನು ತಡೆಯಲಿಲ್ಲ. ಬದಲಿಗೆ, ಒಬ್ಬರನ್ನು ಚೆನ್ನಾಗಿ ನೋಡಿಕೊಂಡೆ ಎಂಬ ತೃಪ್ತಿಯನ್ನು ಕಸಿದುಕೊಂಡಿತು. ದಾದಿಯರಿಗೆ ಸಂಬಳದಾಚೆ ಸಿಗುವ ದೊಡ್ಡ ಆಧಾರವೇ ಆ ತೃಪ್ತಿಯಲ್ಲವೆ?

ಇನ್ನೊಂದು ಬಗೆಯ ಸಂಕಟವಿದೆ. ಮಾಡಬೇಕಾದ್ದು ಗೊತ್ತಿದೆ, ಮಾಡಲು ವ್ಯವಸ್ಥೆ ಬಿಡುವುದಿಲ್ಲ. ಅಮೆರಿಕದ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ದಾದಿಯರ ಈ ಸ್ಥಿತಿಯನ್ನು ‘ನೈತಿಕ ಸಂಕಟ’ ಎಂದು ಕರೆದರು. ನಮ್ಮಲ್ಲಿ ಇದಕ್ಕೆ ಮಾರ್ಫಿನ್ನಿಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಅಗ್ಗದ ಔಷಧ. ಅದರ ಮೂಲವಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರು ಬೆಳೆಯುತ್ತಾರೆ. ಆದರೆ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದಾಗಿ ಒಂದು ಆಸ್ಪತ್ರೆ ಅದನ್ನು ಇಟ್ಟುಕೊಳ್ಳಲು ಹಲವು ಪರವಾನಗಿಗಳಿಗೆ ಅಲೆಯಬೇಕಿತ್ತು. 2014ರ ತಿದ್ದುಪಡಿ ಇದನ್ನು ಸಡಿಲಿಸಿತು. ಹಾಗಿದ್ದೂ ಔಷಧ ಎಲ್ಲ ಊರಿಗೂ ತಲುಪಿಲ್ಲ. ನಡುರಾತ್ರಿ ನರಳುವವನ ಪಕ್ಕ ನಿಲ್ಲುವವಳು ದಾದಿ, ಚೀಟಿ ಬರೆಯಬೇಕಾದವರು ಡಾಕ್ಟರು. ಬ್ರಿಟನ್ನಿನಲ್ಲಿ ವಿಶೇಷ ತರಬೇತಿ ಪಡೆದ ದಾದಿಯರಿಗೆ 2012ರಿಂದ ಮಾರ್ಫಿನ್ನನ್ನು ತಾವೇ ಬರೆದುಕೊಡುವ ಅಧಿಕಾರವಿದೆ.

ಹೀಗೆ ಕೈಕಟ್ಟಿ ನಿಲ್ಲಬೇಕಾದಾಗ ದೇಹ ಸುಮ್ಮನಿರುವುದಿಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳನ್ನು ಸುರಿಸುತ್ತವೆ. ಎದೆಬಡಿತ, ರಕ್ತದ ಸಕ್ಕರೆ ಏರುತ್ತವೆ. ಅಪಾಯ ಕಂಡು ಓಡುವವನಿಗೆ ಇದು ಉಪಕಾರಿ. ಎಂಟು ಗಂಟೆಯ ಪಾಳಿಯಲ್ಲಿ ನಿಂತೇ ಇರುವವರಿಗೆ ಅಲ್ಲ. ತಿಂಗಳುಗಟ್ಟಲೆ ಇದೇ ಆದರೆ ನಿದ್ದೆ ಕೆಡುತ್ತದೆ, ಸಿಡಿಮಿಡಿ ಹೆಚ್ಚುತ್ತದೆ. ಕೊನೆಗೆ ಬರುವ ಸ್ಥಿತಿಗೆ ‘ಬರ್ನ್ ಔಟ್’ ಎಂದು ಹೆಸರು. ಅದರ ಮೂರು ಲಕ್ಷಣಗಳನ್ನು ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನಾ ಮ್ಯಾಸ್ಲಾಕ್ ಗುರುತಿಸಿದ್ದಾರೆ: ಭಾವನೆಗಳೇ ಬತ್ತಿಹೋಗುವುದು, ರೋಗಿಯನ್ನು ವಸ್ತುವಿನಂತೆ ಕಾಣುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಹತಾಶೆ. ಎರಡನೆಯದರ ಫಲ ಉಣ್ಣುವವನು ಹಾಸಿಗೆಯಲ್ಲಿರುವ ರೋಗಿ.

ಒತ್ತಡ ಎದುರಿಸುವ ದಾರಿಗಳನ್ನು ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಎರಡಾಗಿ ವಿಂಗಡಿಸಿದರು. ಕಾರಣವನ್ನೇ ಸರಿಪಡಿಸುವುದು ಒಂದು, ಸರಿಪಡಿಸಲಾಗದ್ದನ್ನು ತಾಳಿಕೊಳ್ಳುವಂತೆ ಮನಸ್ಸನ್ನು ಹದಗೊಳಿಸುವುದು ಇನ್ನೊಂದು. ಸಾವು ಎರಡನೆಯ ಗುಂಪಿಗೆ ಸೇರಿದ್ದು. ಅಲ್ಲಿ ಪ್ರಾರ್ಥನೆ, ಮನೆಯವರ ಒತ್ತಾಸೆ, ಜೊತೆಯವಳೊಡನೆ ಕಾಫಿ ಕುಡಿಯುತ್ತ ಅತ್ತು ಹಗುರಾಗುವುದು ಎಲ್ಲವೂ ಬೇಕು. ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ ಸಿಬ್ಬಂದಿಯ ಮನಸ್ಸಿಗೆ ಆಸರೆಯಾಗಲು ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ನೆರವಾದರು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾಗಿ ಕೇರಳದ ತುಂಬ ಹಬ್ಬಿದ ಚಳವಳಿಯಲ್ಲಿ ನೆರೆಹೊರೆಯ ಸ್ವಯಂಸೇವಕರೂ ರೋಗಿಯ ಮನೆಗೆ ಹೋಗುತ್ತಾರೆ. ದಾದಿಯ ಹೆಗಲ ಭಾರ ಅಷ್ಟು ಇಳಿಯುತ್ತದೆ. ರೋಗಿಗೆ ಎಷ್ಟು ತಿಳಿಸಬೇಕೆಂದು ಡಾಕ್ಟರು, ದಾದಿ, ಮನೆಯವರು ಮೊದಲೇ ಕುಳಿತು ಮಾತಾಡಿಕೊಂಡರೆ ಸುಳ್ಳು ಹೇಳುವ ಪ್ರಮೇಯವೂ ತಪ್ಪುತ್ತದೆ.

ಔಷಧದ ಅಭಾವ, ರಜೆಯ ಅಭಾವ, ಒಬ್ಬರ ಪಾಲಿಗೆ ಅತಿಯಾದ ರೋಗಿಗಳು—ಇವು ಮೊದಲ ಗುಂಪಿನವು. ಇವಕ್ಕೂ ಎರಡನೆಯ ಗುಂಪಿನ ಮದ್ದನ್ನೇ ಕೊಡುವುದು ಸುಲಭ, ಖರ್ಚೂ ಕಡಿಮೆ. ಒತ್ತಡ ನಿವಾರಣೆಗೆಂದು ದಾದಿಯರಿಗೆ ಧ್ಯಾನ ಶಿಬಿರ ಏರ್ಪಡಿಸಿ, ರಾತ್ರಿ ಪಾಳಿಗೆ ಇನ್ನೊಬ್ಬ ದಾದಿಯನ್ನು ಕೇಳಿದಾಗ ಹಣವಿಲ್ಲ ಎನ್ನುವ ಆಡಳಿತಗಳಿಗೇನೂ ಕೊರತೆಯಿಲ್ಲ. ಶಿಬಿರ ಮುಗಿಸಿ ಬಂದವಳು ಮತ್ತೆ ಅದೇ ಪಾಳಿಗೆ ಒಬ್ಬಳೇ ಹೋಗುತ್ತಾಳೆ.