ಘಟ್ಟದ ಮೇಲೆ ಮನೆ ಮಾಡುವ ಮುನ್ನ ಒಂದು ಮಳೆಗಾಲ

ಪ್ರತಿವರ್ಷ ನವೆಂಬರ್ ಬಂತೆಂದರೆ ಬ್ಯಾಂಕಿನಲ್ಲಿ ನನ್ನ ಕೌಂಟರಿನ ಎದುರು ಪಿಂಚಣಿದಾರರ ಸಾಲು ಬೆಳೆಯುತ್ತದೆ. ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡುವ ತಿಂಗಳದು. ಈಗ ಅದನ್ನು ಮನೆಯಲ್ಲೇ ಕೂತು ಡಿಜಿಟಲ್ ಆಗಿ ಕೊಡುವ ವ್ಯವಸ್ಥೆ 2014ರಿಂದ ಇದೆ. ಆದರೂ ನಮ್ಮ ಹಿರಿಯರಿಗೆ ಕೌಂಟರಿಗೆ ಬಂದು ನಾಲ್ಕು ಮಾತಾಡದಿದ್ದರೆ ಸಮಾಧಾನವಿಲ್ಲ.

ಹಾಗೆ ಬಂದವರಲ್ಲಿ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರನ್ನು ಕಂಡು ನನಗೆ ಆಶ್ಚರ್ಯವಾಯಿತು. ನಾಲ್ಕು ವರ್ಷಗಳ ಹಿಂದೆ ಡೊಂಬಿವಲಿಯ ಮನೆ ಮಾರಿ, ಮಲೆನಾಡಿನ ಒಂದು ಮೂಲೆಯಲ್ಲಿ ಹಂಚಿನ ಮನೆ ಕಟ್ಟಿಸಿಕೊಂಡು ಹೋದವರು ಅವರು. ಬೀಳ್ಕೊಡುಗೆಗೆ ಸಂಘದಲ್ಲಿ ಶಾಲು ಹೊದಿಸಿ, ಹಾರ ಹಾಕಿ ಕಳುಹಿಸಿದ್ದೆವು. "ಯಾವಾಗ ಬಂದಿರಿ?" ಎಂದೆ. "ಬಂದದ್ದಲ್ಲ ಮಾರಾಯ್ರೆ, ವಾಪಸು ಬಂದೆವು" ಎಂದರು.

ಒಂದು ಜುಲೈ ರಾತ್ರಿ ಅವರ ಪತ್ನಿಗೆ ಎದೆನೋವು ಬಂತಂತೆ. ಕರೆಂಟು ಹೋಗಿ ಎರಡು ದಿನವಾಗಿತ್ತು, ಫೋನೂ ಸಿಗುತ್ತಿರಲಿಲ್ಲ. ನೆರೆಯ ಹುಡುಗ ಜೀಪು ತಂದ. ದಾರಿಗೆ ಮರ ಬಿದ್ದಿತ್ತು. ಅದನ್ನು ಕಡಿದು, ದೂರದ ಆಸ್ಪತ್ರೆ ಸೇರುವಾಗ ಬೆಳಗಾಗಿತ್ತು. ದೇವರ ದಯೆ, ಆಕೆ ಉಳಿದರು. ಆದರೆ ಇಬ್ಬರಿಗೂ ಆ ಮನೆಯಲ್ಲಿ ಮತ್ತೆ ನಿದ್ದೆ ಬರಲಿಲ್ಲ. ಈಗ ಬದ್ಲಾಪುರದಲ್ಲಿ ಬಾಡಿಗೆಗೆ ಇದ್ದಾರೆ. "ಅಂದು ಮನೆ ಮಾರಿದ ಹಣಕ್ಕೆ ಇಂದು ಅದೇ ಬಿಲ್ಡಿಂಗಿನಲ್ಲಿ ಅರ್ಧ ಮನೆಯೂ ಬರುವುದಿಲ್ಲ" ಎಂದು ನಕ್ಕರು. ಆ ನಗು ನನಗೆ ಇನ್ನೂ ಮರೆತಿಲ್ಲ. ಏಕೆಂದರೆ ನಿವೃತ್ತಿಗೆ ಕೆಲವೇ ವರ್ಷ ಉಳಿದ ನಾನೂ ಅದೇ ಕನಸು ಕಾಣುತ್ತಿದ್ದವನು.

ಈ ಕನಸು ನನ್ನೊಬ್ಬನದಲ್ಲ. ಹಗಲು ಕ್ಯಾಂಟೀನಿನಲ್ಲೋ ಆಫೀಸಿನಲ್ಲೋ ದುಡಿದು, ರಾತ್ರಿ ಶಾಲೆ, ಸಂಜೆ ಕಾಲೇಜು ಎಂದು ಓದಿದವರು ನಾವು. ಮೂವತ್ತು ನಲವತ್ತು ವರ್ಷ ಲೋಕಲ್ ಟ್ರೈನಿನಲ್ಲಿ ನೇತಾಡಿದ ಮೇಲೆ ಎಲ್ಲಾದರೂ ತಂಪಾದ, ಜನ ಕಡಿಮೆ ಇರುವ ಊರಿನಲ್ಲಿ ಇರೋಣ ಎನಿಸುವುದು ಸಹಜ. ಕರಾವಳಿಯ ಮೂಲಮನೆ ಪಾಲಾಗಿ ಹೋಗಿದೆ, ಅಲ್ಲಿನ ಸೆಕೆಯೂ ಮುಂಬಯಿಯಂತೆಯೇ. ಹೀಗಾಗಿ ಕಣ್ಣು ಘಟ್ಟದ ಮೇಲೆ ಹೋಗುತ್ತದೆ. 1998ರಲ್ಲಿ ಕೊಂಕಣ ರೈಲು ಬಂದ ಮೇಲೆ ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ. ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯಲ್ಲಿ ಆಗುಂಬೆ. ಇಷ್ಟು ಹತ್ತಿರ ಎಂಬುದೇ ನಮ್ಮನ್ನು ಮರುಳು ಮಾಡುತ್ತದೆ.

ಆ ಸದಸ್ಯರ ಮಾತು ಕೇಳಿದ ಮೇಲೆ ನಾನು ಮತ್ತು ನನ್ನ ಪತ್ನಿ ಒಂದು ನಿರ್ಧಾರಕ್ಕೆ ಬಂದೆವು. ಊರು ನೋಡುವುದಾದರೆ ಡಿಸೆಂಬರಿನಲ್ಲಿ ಅಲ್ಲ, ಜುಲೈಯಲ್ಲಿ ನೋಡಬೇಕು. ರಜೆ ಹಾಕಿ ಹೊರಟೆವು.

ಮಳೆಯಲ್ಲಿ ನೋಡಿದ ಊರು

ಮೊದಲು ಆಗುಂಬೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಣವಾದ ಊರು, ನಮ್ಮ ತಲೆಮಾರಿಗೆ ಅದರ ಮೇಲೆ ಒಂದು ಮೋಹ. ಸೋಮೇಶ್ವರದಿಂದ 14 ತಿರುವುಗಳ ಘಾಟಿ ಹತ್ತಿದರೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ ಒಂದೇ ಬೀದಿಯ ಪೇಟೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ. ಅಂದರೆ ಮುಂಬಯಿಯ ಸುಮಾರು ಮೂರು ಪಟ್ಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದನ್ನು ಕಂಡವರು ನಾವು, ಮಳೆಗೆ ಹೆದರುವವರಲ್ಲ. ಆದರೆ ಒಂದು ದಿನದ ಮಳೆ ಬೇರೆ, ತಿಂಗಳುಗಟ್ಟಲೆ ನಿಲ್ಲದ ಮಳೆ ಬೇರೆ. ಮೂರು ದಿನ ಉಳಿದೆವು, ಸೂರ್ಯ ಕಾಣಲಿಲ್ಲ. "ನಿಮಗೆ ಬೆಟ್ಟ ಕಂಡಿತು, ನನಗೆ ಒಗೆದ ಬಟ್ಟೆ ಒಣಗಿಸುವ ಜಾಗ ಕಾಣಲಿಲ್ಲ" ಎಂದಳು ಪತ್ನಿ. ಆಕೆಗೆ ಸಂಧಿವಾತ. ತೇವ ಎಂದರೆ ನೋವು.

ಅಲ್ಲಿಂದ ಶೃಂಗೇರಿ. ತುಂಗೆಯ ದಂಡೆ, ಶಾರದಾಂಬೆಯ ಸನ್ನಿಧಿ, ವಿದ್ಯಾಶಂಕರ ದೇವಸ್ಥಾನ. ಮನಸ್ಸು ಅಲ್ಲೇ ನಿಲ್ಲುತ್ತದೆ. ತಾಲೂಕು ಕೇಂದ್ರವಾದ್ದರಿಂದ ಅಂಗಡಿ, ಬಸ್ಸು, ಬ್ಯಾಂಕು ಎಲ್ಲ ಇವೆ. ರೈಲು ಮಾತ್ರ ಇಲ್ಲ. ಕೊನೆಗೆ ತೀರ್ಥಹಳ್ಳಿ ನೋಡಿದೆವು. ಕುವೆಂಪು ಅವರ ಕುಪ್ಪಳಿ ಇರುವ ತಾಲೂಕು. ಪೇಟೆ ಸ್ವಲ್ಪ ದೊಡ್ಡದು, ಆದ್ದರಿಂದ ನನಗೆ ಮೊದಲು ಅದು ರುಚಿಸಲಿಲ್ಲ.

ಎರಡನೇ ದಾರಿ

ಆಸ್ಪತ್ರೆ ಎಷ್ಟು ದೂರ ಎಂದು ಎಲ್ಲರೂ ಕೇಳುತ್ತಾರೆ. ಆಗುಂಬೆಯಿಂದ ಮಣಿಪಾಲಕ್ಕೆ ಸುಮಾರು 50 ಕಿ.ಮೀ. ದೊಡ್ಡ ಆಸ್ಪತ್ರೆ, ಎಲ್ಲ ತಜ್ಞರೂ ಇದ್ದಾರೆ. ಕೇಳಲು ಧೈರ್ಯ ಬರುತ್ತದೆ. ಆದರೆ ಆ ದಾರಿಯ ನಡುವೆ ಘಾಟಿ ಇದೆ. ಗುಡ್ಡ ಜರಿದು ಅಲ್ಲಿ ವಾಹನ ಸಂಚಾರಕ್ಕೆ ತಡೆಯಾದ ಮಳೆಗಾಲಗಳಿವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಘಾಟಿ ಮುಚ್ಚಿದ ರಾತ್ರಿ ಯಾವ ದಾರಿಯಲ್ಲಿ ಹೋಗುತ್ತೀರಿ?

ಈ ಪ್ರಶ್ನೆ ಕೇಳಿಕೊಂಡಾಗ ತೀರ್ಥಹಳ್ಳಿಯ ಬೆಲೆ ನನಗೆ ತಿಳಿಯಿತು. ಊರಲ್ಲೇ ತಾಲೂಕು ಆಸ್ಪತ್ರೆ ಇದೆ. ದೊಡ್ಡ ಚಿಕಿತ್ಸೆ ಬೇಕಾದರೆ ಘಾಟಿ ಇಳಿಯದೆ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗಕ್ಕೆ ಹೋಗಬಹುದು. ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ರೈಲೂ ಇದೆ. ಎರಡು ದಿಕ್ಕಿಗೆ ದಾರಿ ಇರುವ ಊರು ವಯಸ್ಸಾದವರಿಗೆ ಒಳ್ಳೆಯದು.

ಮಂಗನ ಕಾಯಿಲೆಯ ವಿಷಯವೂ ತಿಳಿದಿರಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆ ಕಚ್ಚುವುದರಿಂದ ಬರುತ್ತದೆ. ಮಳೆ ಕಳೆದ ಮೇಲೆ, ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಕಾಟ. ಕಾಡಿನ ಅಂಚಿನ ಮನೆ ಚೆಂದ ಎನ್ನುವವರು ಇದನ್ನೂ ವಿಚಾರಿಸಬೇಕು.

ಗುಡ್ಡದ ನೆಲ, ಕಾಗದದ ನೆಲ

ಕಣಿವೆಯ ನೋಟ ಸಿಗಲೆಂದು ಗುಡ್ಡ ಕಡಿದು ಸೈಟು ಮಾಡಿ ಮಾರುವವರು ಈಗ ಎಲ್ಲೆಲ್ಲೂ ಇದ್ದಾರೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಹೇಗೆ ಜರಿದವು ಎಂಬುದು ಗೊತ್ತೇ ಇದೆ. ನಮ್ಮ ಪಕ್ಕದಲ್ಲೇ, ರಾಯಗಡ ಜಿಲ್ಲೆಯ ಇರ್ಶಾಲವಾಡಿ 2023ರ ಜುಲೈಯಲ್ಲಿ ರಾತ್ರಿ ಮಲಗಿದ್ದಾಗ ಮಣ್ಣಿನಡಿ ಸೇರಿತು. ಹೊಸದಾಗಿ ಕಡಿದ ಇಳಿಜಾರಿನ ಕೆಳಗೂ ಮೇಲೂ ಮನೆ ಬೇಡ. ಊರಿನ ಹಳೆಯ ಮನೆಗಳು ಎಲ್ಲಿವೆ ನೋಡಿ. ಹಿಂದಿನವರು ನೆಲ ಅರಿತು ಕಟ್ಟಿದವರು.

ಇನ್ನು ಕಾಗದಪತ್ರ. ಸಾಲದ ವಿಭಾಗದಲ್ಲಿ ಕೂತು ಎಷ್ಟೋ ಫೈಲು ನೋಡಿದ್ದರಿಂದ ಹೇಳುತ್ತೇನೆ. ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆಯನ್ನು 2020ರ ತಿದ್ದುಪಡಿಯಲ್ಲಿ ತೆಗೆದರು. ಅದರರ್ಥ ಕೊಂಡ ಜಮೀನಿನಲ್ಲಿ ಹೇಗೆ ಬೇಕಾದರೂ ಮನೆ ಕಟ್ಟಬಹುದೆಂದಲ್ಲ. ಭೂಪರಿವರ್ತನೆಯ ಆದೇಶ ನೋಡಬೇಕು. ಪಹಣಿ, ಋಣಭಾರ ಪತ್ರ, ಪಂಚಾಯತಿನ ಇ-ಸ್ವತ್ತು ದಾಖಲೆ ತಾಳೆಯಾಗಬೇಕು. ಮಲೆನಾಡಿನಲ್ಲಿ ಅರಣ್ಯ ಎಲ್ಲಿ ಮುಗಿಯಿತು, ತೋಟ ಎಲ್ಲಿ ಸುರುವಾಯಿತು ಎಂಬುದು ಬ್ರೋಕರನ ಬಾಯಿಮಾತಿನಿಂದ ತೀರ್ಮಾನವಾಗುವ ವಿಷಯವಲ್ಲ. ಅಲ್ಲಿಯದೇ ವಕೀಲರನ್ನು ಹಿಡಿಯಿರಿ.

ಊರು ಯಾವುದರ ಮೇಲೆ ನಿಂತಿದೆ ಎಂಬುದನ್ನೂ ನೋಡಬೇಕು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಕಟ್ಟಿದ ಸುಂದರ ಟೌನ್‌ಶಿಪ್ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸ ಹೋದ ಮೇಲೆ ಜನ ಹೋದರು, ಊರು ಖಾಲಿಯಾಯಿತು. ಬರೀ ಪ್ರವಾಸಿಗರ ಹೋಮ್‌ಸ್ಟೇಗಳಿಂದ ನಡೆಯುವ ಪೇಟೆಗಿಂತ ಶಾಲೆ, ಸಂತೆ, ಅಡಿಕೆ ಮಂಡಿ ಇರುವ ಪೇಟೆ ಮೇಲು.

ಮನೆಯಾಕೆಯ ಲೆಕ್ಕ

ಊರಿಗೆ ಮರಳುವ ಸಂಭ್ರಮದಲ್ಲಿ ನಾವು ಗಂಡಸರು ಮರೆಯುವುದು ಹೆಂಗಸರ ದಿನಚರಿಯನ್ನು. ಮುಂಬಯಿಯಲ್ಲಿ ನನ್ನ ಪತ್ನಿಗೆ ಮಂಗಳವಾರ ಭಜನೆ, ಸಂಘದ ಮಹಿಳಾ ವಿಭಾಗ, ಎದುರುಮನೆಯ ಮರಾಠಿ ಗೆಳತಿ ಇದ್ದಾರೆ. ರೈಲಿನಲ್ಲಿ ವಾಪಸು ಬರುವಾಗ ಆಕೆ ಕೇಳಿದಳು: "ಅಲ್ಲಿ ನೀವು ಪೇಪರ್ ಹಿಡಿದು ಜಗಲಿಯಲ್ಲಿ ಕೂತಿರುತ್ತೀರಿ. ನಾನು ಯಾರ ಮನೆಗೆ ಹೋಗಿ ಕೂರುವುದು?" ನನ್ನಲ್ಲಿ ಉತ್ತರವಿರಲಿಲ್ಲ. ಊರು, ಎತ್ತರ, ಮಳೆ, ದರ ಎಲ್ಲವನ್ನೂ ಬರೆದ ನನ್ನ ಡೈರಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಕೊನೆಗೆ ನಾವು ಮಾಡಿಕೊಂಡ ಒಪ್ಪಂದ ಹೀಗಿದೆ. ನಿವೃತ್ತಿಯಾದ ವರ್ಷ ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿಯುವುದು. ಜೂನ್‌ನಿಂದ ಮುಂದಿನ ಮೇ ತನಕ, ಒಂದು ಪೂರ್ತಿ ಮಳೆಗಾಲ ಸೇರಿ ಅಲ್ಲಿರುವುದು. ಎಳ್ಳಮಾವಾಸ್ಯೆಯ ಜಾತ್ರೆ ನೋಡುವುದು, ನೆರೆಕರೆ ಪರಿಚಯ ಮಾಡಿಕೊಳ್ಳುವುದು. ಮುಂಬಯಿಯ ಮನೆಯನ್ನು ಅಲ್ಲಿಯತನಕ ಮಾರುವುದಿಲ್ಲ. ವರ್ಷ ಕಳೆದ ಮೇಲೆ ನಿರ್ಧಾರ ಮಾಡುವವಳು ನನ್ನ ಪತ್ನಿ, ನಾನಲ್ಲ.

ಸಂಘದ ಬಂಧುಗಳಲ್ಲಿ ಎಷ್ಟೋ ಮಂದಿ ಇದೇ ಯೋಚನೆಯಲ್ಲಿದ್ದೀರಿ ಎಂದು ಬಲ್ಲೆ. ಕನಸು ಬಿಡಿ ಎನ್ನುವುದಿಲ್ಲ. ಮನೆ ಮಾರುವ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ಜುಲೈ ತಿಂಗಳು ಅಲ್ಲಿ ಕಳೆದು ಬನ್ನಿ. ಬದ್ಲಾಪುರದ ಆ ಹಿರಿಯರು ಮೊನ್ನೆ ಸಂಘದ ಸಭೆಯಲ್ಲಿ ಸಿಕ್ಕಿದ್ದರು. "ಬರೆಯಿರಿ, ಇನ್ನೊಬ್ಬರಿಗಾದರೂ ಉಪಕಾರವಾಗಲಿ" ಎಂದರು. ಅದಕ್ಕಾಗಿ ಬರೆದೆ.