ಹೆತ್ತವರಿಗೂ ಒಂದು ಜಗಲಿ ಬೇಕು

ಪರಸ್ಥಳಕ್ಕೆ ವರ್ಗವಾಗಿ ಬಂದ ಸಂಸಾರದಲ್ಲಿ ಊರಿಗೆ ಮೊದಲು ಹೊಂದಿಕೊಳ್ಳುವವರು ಮಕ್ಕಳು, ಕಡೆಗೆ ಹೊಂದಿಕೊಳ್ಳುವವರು ಹಿರಿಯರು ಎಂಬುದು ಲೋಕಾಭಿಪ್ರಾಯ. ಆಟಪಾಟಗಳ ಮಟ್ಟಿಗೆ ಇದು ನಿಜವೇ ಇರಬಹುದು. ಆದರೆ ಶಾಲೆಯ ವಿಷಯದಲ್ಲಿ ಹಿರಿಯರು ಮೂಲೆ ಸೇರಿದರೆ ಮಕ್ಕಳೂ ಮೂಲೆ ಸೇರುತ್ತಾರೆ. ಇದು ನಮಗೆ ಸ್ವಾನುಭವದಿಂದ ತಿಳಿದ ಸಂಗತಿ.

ನಾವು ಕೊಚ್ಚಿಗೆ ಬಂದಾಗ ಮಗಳಿಗೆ ನಾಲ್ಕನೆಯ ತರಗತಿ. ಜೂನ್ ತಿಂಗಳ ಮಳೆಯೊಡನೆ ಶಾಲೆಯೂ ಆರಂಭವಾಯಿತು. ಕೇರಳದಲ್ಲಿ 2017ರ ಕಾನೂನಿನಂತೆ ಹತ್ತನೆಯ ತರಗತಿಯವರೆಗೆ ಮಲಯಾಳ ಕಡ್ಡಾಯ, ಸಿ.ಬಿ.ಎಸ್.ಇ. ಶಾಲೆಗಳೂ ಇದಕ್ಕೆ ಹೊರತಲ್ಲ. ಅನ್ನ ಕೊಡುವ ನೆಲದ ಭಾಷೆಯನ್ನು ಕಲಿಯುವುದರಲ್ಲಿ ನಮಗೆ ಬೇಸರವೇನೂ ಇರಲಿಲ್ಲ. ಆದರೆ ಅಕ್ಷರವೇ ಗೊತ್ತಿಲ್ಲದ ಮಗು ಮೂರು ವರ್ಷ ಮುಂದಿರುವ ಮಕ್ಕಳ ನಡುವೆ ಕುಳಿತು ಏನು ಮಾಡೀತು? ದೀಪಾವಳಿಯ ಹೊತ್ತಿಗೂ ಮಲಯಾಳದ ನೋಟ್ ಪುಸ್ತಕ ಬಹುಪಾಲು ಖಾಲಿಯೇ ಇತ್ತು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿ ಒಂದು ದಿನ, “ಅಪ್ಪ, ನಾನು ದಡ್ಡಿಯಾ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಗಬಹುದಾದ ಸ್ಥಳ ಒಂದಿತ್ತು. ಅದೇ ಶಾಲೆಯ ಪೋಷಕರ ಸಭೆ. ಮೊದಲ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆವು. ಎಲ್ಲರೂ ನಕ್ಕಾಗ ನಕ್ಕೆವು, ಎಲ್ಲರೂ ಕೈಯೆತ್ತಿದಾಗ ಕೈಯೆತ್ತಿದೆವು. ಕೈಯೆತ್ತಿದ್ದು ಏತಕ್ಕೆಂದು ತಿಳಿದದ್ದು ಮರುವಾರ ಚಂದಾ ಚೀಟಿ ಮನೆಗೆ ಬಂದಾಗ! ಅಂದಿನಿಂದ ಕಛೇರಿಯ ಕೆಲಸದ ನೆಪ ಹೇಳಿ ಎರಡು ವರ್ಷ ಆ ಕಡೆ ತಲೆಹಾಕಲಿಲ್ಲ.

ಮುಂದೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಗಣೇಶನ ಹಬ್ಬದ ಊಟದ ಪಂಕ್ತಿಯಲ್ಲಿ ಹಿರಿಯ ಕನ್ನಡ ಮಹಿಳೆಯೊಬ್ಬರು ನಮ್ಮ ಮನೆಯವರ ಪಕ್ಕ ಕುಳಿತಿದ್ದರು. ಮಾತಿಗೆ ಮಾತು ಬೆಳೆದು ಮಗಳ ವಿಷಯ ಬಂತು. ಅವರ ಮಗನಿಗೂ ಇದೇ ಕಷ್ಟವಾಗಿತ್ತಂತೆ. ಆಕೆ ಪೋಷಕರ ಸಭೆಯಲ್ಲಿ ಎದ್ದು ನಿಂತು, ಹರುಕುಮುರುಕು ಮಲಯಾಳದಲ್ಲೇ ಸಂಗತಿ ಹೇಳಿದರು. ಯಾರೂ ನಗಲಿಲ್ಲ. ಅಧ್ಯಾಪಕಿ ಹುಡುಗನನ್ನು ಓದುವ ಮಕ್ಕಳ ಪಕ್ಕ ಕೂರಿಸಿ, ವಾರಕ್ಕೆರಡು ದಿನ ಅರ್ಧ ಗಂಟೆ ಬೇರೆಯಾಗಿ ಅಕ್ಷರ ತಿದ್ದಿಸಿದರು. ಮನೆಯಲ್ಲಿ ತಾಯಿಯೇ ಒಂದು ಕೀಲಿಕೈ ಕೊಟ್ಟರು. ನಮ್ಮ ಹೊಸಗನ್ನಡದ ‘ಹ’ಕಾರ ಇರುವಲ್ಲಿ ಬಹಳ ಕಡೆ ಮಲಯಾಳದಲ್ಲಿ ‘ಪ’ಕಾರ ಉಳಿದಿದೆ. ನಮ್ಮ ಹಾಲು ಅವರಿಗೆ ಪಾಲ್, ಹುಲಿ ಪುಲಿ, ಹತ್ತು ಪತ್ತ್, ಹಾವು ಪಾಂಬ್. ವರ್ಣಮಾಲೆಯ ಕ್ರಮವೂ ನಮ್ಮದೇ. ಬದಲಾದದ್ದು ಅಕ್ಷರದ ರೂಪ ಮಾತ್ರ. ಇಷ್ಟು ತಿಳಿದ ಮೇಲೆ ಹುಡುಗನಿಗೆ ಮಲಯಾಳ ನೆಂಟರ ಮನೆಯಂತಾಯಿತು.

ಎಲ್ಲವನ್ನೂ ಹೇಳಿ ಆಕೆ, “ಅಯ್ಯೋ, ಇಷ್ಟಕ್ಕೆ ಎರಡು ವರ್ಷ ಒದ್ದಾಡಿದಿರಾ? ನಮ್ಮನ್ನೊಂದು ಮಾತು ಕೇಳಬಾರದಿತ್ತೇ?” ಎಂದರು. ವಿಚಾರಿಸಿದರೆ, ಆ ಎರಡು ವರ್ಷವೂ ಅವರ ಸಂಸಾರ ಕೊಚ್ಚಿಯಲ್ಲೇ ಇತ್ತು. ನಮ್ಮ ಮನೆಯಿಂದ ಮೂರು ಬಸ್ ಸ್ಟಾಪಿನಾಚೆ! ರಾಜ್ಯೋತ್ಸವದಲ್ಲಿ ಒಂದೇ ಸಾಲಿನಲ್ಲಿ ಕುಳಿತು ಹಾಡು ಕೇಳಿದ್ದೇವೆ, ಒಂದೇ ಪಂಕ್ತಿಯಲ್ಲಿ ಹೋಳಿಗೆ ಉಂಡಿದ್ದೇವೆ. ಮಕ್ಕಳ ಶಾಲೆಯ ಮಾತನ್ನು ಮಾತ್ರ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಹೆತ್ತವರು ಒಂದುಗೂಡಿ ಶಾಲೆಯ ವಿಚಾರ ಆಡುವುದು ಹೊಸದೇನಲ್ಲ. ಅಮೆರಿಕೆಯಲ್ಲಿ 1897ರಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬಿಬ್ಬರು ಮಹಿಳೆಯರು ತಾಯಂದಿರ ಮಹಾಸಭೆಯನ್ನು ಕೂಡಿಸಿದರು. ಅಲ್ಲಿನ ಪೋಷಕ-ಶಿಕ್ಷಕ ಸಂಘದ ಮೂಲ ಅದೇ. ನಮ್ಮ ಕರ್ನಾಟಕದಲ್ಲಿ ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಮೇರೆಗೆ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್.ಡಿ.ಎಂ.ಸಿ.ಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು. ಖಾಸಗಿ ಅನುದಾನರಹಿತ ಶಾಲೆಗೆ ಈ ನಿಯಮವಿಲ್ಲ. ಕೇರಳದಲ್ಲಂತೂ ಅಧ್ಯಾಪಕ-ರಕ್ಷಾಕರ್ತೃ ಸಮಿತಿಗೆ ಒಳ್ಳೆಯ ಮರ್ಯಾದೆಯುಂಟು. ತಾಯಂದಿರಿಗೆಂದು ಬೇರೆ ಸಂಘವೂ ಉಂಟು. ಬಾಗಿಲು ತೆರೆದೇ ಇದೆ. ಒಳಗೆ ಹೋಗದವರು ನಾವು.

ಇದೇ ರಾಜ್ಯದ ಉತ್ತರ ತುದಿಯಲ್ಲಿರುವ ಕಾಸರಗೋಡಿನ ಕನ್ನಡಿಗರನ್ನು ನೋಡಿರಿ. ಅವರು ನಮ್ಮಂತೆ ವಲಸೆ ಬಂದವರಲ್ಲ. 1956ರ ನವೆಂಬರ್ 1ರಂದು ಗಡಿ ಬದಲಾಗಿ, ತಮ್ಮ ಮನೆಯಲ್ಲಿ ಕುಳಿತಂತೆಯೇ ಕೇರಳದವರಾದವರು. ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗುವಂತೆ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೂ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ಬಂದ ಪ್ರಸಂಗಗಳುಂಟು. ಆಗೆಲ್ಲ ಅಲ್ಲಿನ ರಕ್ಷಕರು ಮನೆಯಲ್ಲಿ ಗೊಣಗಿ ಸುಮ್ಮನಾಗಲಿಲ್ಲ. ಸಭೆ ಸೇರಿದರು, ಮನವಿ ಬರೆದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 2018ರಲ್ಲಿ ರಿಷಬ್ ಶೆಟ್ಟರು ತೆಗೆದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರವನ್ನು ನೋಡಿ ನಾವೆಲ್ಲ ನಕ್ಕು ಕಣ್ಣೊರಸಿಕೊಂಡೆವು. ಅವರ ಒಗ್ಗಟ್ಟನ್ನು ಮಾತ್ರ ಕಲಿಯಲಿಲ್ಲ.

ಒಬ್ಬರ ಮಾತಿಗೂ ಹಲವರ ಮಾತಿಗೂ ಇರುವ ಅಂತರಕ್ಕೆ ಇನ್ನೊಂದು ಉದಾಹರಣೆ ಕೊಡಬಹುದು. ಕೇಂದ್ರೀಯ ವಿದ್ಯಾಲಯಗಳಲ್ಲಿ ನಿಗದಿತ ಸಂಖ್ಯೆಯ ಮಕ್ಕಳು ಬೇಕೆಂದು ಕೇಳಿದರೆ, ತಾಯ್ನುಡಿಯನ್ನು ಹೆಚ್ಚುವರಿ ಭಾಷೆಯಾಗಿ ಕಲಿಸುವ ಏರ್ಪಾಡಿಗೆ ನಿಯಮವಿದೆ. ಒಂದು ಮನೆಯವರು ಕೇಳಿದರೆ ಅದು ಬರಿಯ ಆಸೆ. ಹತ್ತಾರು ಮನೆಯವರು ಸೇರಿ ಕೇಳಿದರೆ ಅದು ಅರ್ಜಿ. ಆದರೆ ಒಂದೇ ಶಾಲೆಯಲ್ಲಿ ಎಷ್ಟು ಕನ್ನಡ ಮಕ್ಕಳಿದ್ದಾರೆಂಬುದೇ ನಮಗೆ ತಿಳಿಯದಿದ್ದರೆ ಅರ್ಜಿ ಬರೆಯುವವರಾರು? ಅಳುವ ಮಗುವಿಗೇ ಹಾಲು ಎನ್ನುತ್ತಾರೆ. ಇಲ್ಲಿ ಅಳಬೇಕಾದವರು ದೊಡ್ಡವರು.

“ಮೊಬೈಲಿನಲ್ಲಿ ವಾಟ್ಸಾಪ್ ಗುಂಪು ಇದೆಯಲ್ಲ?” ಎಂದು ಕೆಲವರು ಕೇಳಬಹುದು. ಇದೆ. ಆದರೆ ಬೆಳಗಿನ ಶುಭೋದಯ, ಹೂವಿನ ಚಿತ್ರ, ಹುಟ್ಟುಹಬ್ಬದ ಹಾರೈಕೆಗಳ ಪ್ರವಾಹದಲ್ಲಿ ಈ ಜೂನ್‌ನಲ್ಲಿ ಕೇಳಿದ ಪ್ರಶ್ನೆ ಮುಂದಿನ ಜೂನ್‌ನಲ್ಲಿ ಬಂದವರಿಗೆ ಸಿಗುವುದಿಲ್ಲ. ಗುಮಾಸ್ತೆಯ ಕಣ್ಣಿಗೆ, ಕಡತವಿಲ್ಲದ ವಿಷಯ ಇಲ್ಲದ ವಿಷಯವೇ. ಆದ್ದರಿಂದ ನಮ್ಮ ಸಲಹೆ ಇಷ್ಟು.

ಸಂಘದ ಪ್ರತಿ ಕೂಟದಲ್ಲಿಯೂ ಊಟಕ್ಕೆ ಮೊದಲು ಅರ್ಧ ಗಂಟೆ ಹೆತ್ತವರಿಗೆ ಮೀಸಲಿರಲಿ. ಊಟದ ನಂತರವೆಂದರೆ ಯಾರೂ ಉಳಿಯುವುದಿಲ್ಲ! ಒಂದು ದಪ್ಪ ಪುಸ್ತಕವಿರಲಿ. ಶಾಲಾ ಪ್ರವೇಶ, ವರ್ಗಾವಣೆ ಪತ್ರ, ಮಲಯಾಳದ ಪಾಠ, ಮನೆಯಲ್ಲಿ ಕನ್ನಡದ ಓದು, ಬಸ್ಸಿನ ಏರ್ಪಾಡು, ಹೀಗೆ ವಿಷಯಕ್ಕೊಂದು ಭಾಗ ಮಾಡಿ ಪ್ರಶ್ನೆಯನ್ನೂ ಉತ್ತರವನ್ನೂ ದಿನಾಂಕ ಹಾಕಿ ಬರೆದಿಡಬೇಕು. ಕೊಚ್ಚಿಯ ಪ್ರತಿ ತಿರುವನಂತಪುರಕ್ಕೂ ಅಲ್ಲಿನದು ಇಲ್ಲಿಗೂ ಬರುತ್ತಿರಲಿ. ನಮ್ಮವರ ವರ್ಗಾವಣೆಗಳು ಹೇಗೂ ಈ ಎರಡು ಊರುಗಳ ನಡುವೆಯೇ ಹೆಚ್ಚು. ಕಟ್ಟುಪಾಡು ಮೂರು ಸಾಕು. ಯಾವ ಅಧ್ಯಾಪಕರನ್ನೂ ಹೆಸರು ಹಿಡಿದು ಹಳಿಯಬಾರದು. ಯಾರ ಮಗುವಿನ ಅಂಕಗಳನ್ನೂ ಇನ್ನೊಬ್ಬರೆದುರು ಆಡಬಾರದು. ಒಂದು ಮಗುವಿನ ತೊಂದರೆ ಅದರ ಅಧ್ಯಾಪಕರ ಬಳಿಗೂ, ಎಲ್ಲ ಮಕ್ಕಳ ತೊಂದರೆ ಶಾಲೆಯ ಸಮಿತಿಗೂ ಹೋಗಬೇಕು. ನಮ್ಮ ಜಗಲಿಯಲ್ಲಿ ಅಭ್ಯಾಸವಾದ ಮಾತು ಅಲ್ಲಿನ ಸಭೆಯಲ್ಲಿ ಧೈರ್ಯವಾಗಿ ಬಂದೀತು.

ನಮ್ಮ ಮಗಳ ಸಂಗತಿ ಹೇಳದೆ ಮುಗಿಸುವಂತಿಲ್ಲ. ಆ ಊಟದ ಮರುವಾರವೇ ಶಾಲೆಗೆ ಹೋಗಿ ಅಧ್ಯಾಪಕರನ್ನು ಕಂಡು ಮಾತನಾಡಿದೆವು. ಆಕೆ ಈಗ ಮಲಯಾಳದ ಪತ್ರಿಕೆಯನ್ನು ತಡವರಿಸಿದರೂ ಓದುತ್ತಾಳೆ; ನಮ್ಮ ಉಚ್ಚಾರಣೆಯನ್ನು ತಿದ್ದುತ್ತಾಳೆ. ಆದರೆ ಆ ಎರಡು ವರ್ಷಗಳಲ್ಲಿ ಮಗು ತನ್ನನ್ನು ದಡ್ಡಿಯೆಂದೇ ನಂಬಿ ಶಾಲೆಗೆ ಹೋಗಿದ್ದು ಹೋಗಿದ್ದೇ. ಅದನ್ನು ಯಾವ ಸಭೆಯೂ ನಮಗೆ ಹಿಂತಿರುಗಿಸಿ ಕೊಡಲಾರದು.

ಬರುವ ಜೂನ್‌ನಲ್ಲಿಯೂ ಯಾವುದೋ ಕನ್ನಡ ಸಂಸಾರ ಟ್ರಂಕು ಹಾಸಿಗೆಗಳೊಡನೆ ಎರ್ನಾಕುಲಂ ನಿಲ್ದಾಣದಲ್ಲಿ ಇಳಿದೀತು. ಅವರ ಕೈಗೆ ಆ ಪುಸ್ತಕ ಸಿಗುವಂತೆ ಮಾಡೋಣ. ಮೊದಲ ಪುಟಕ್ಕೆ ನಮ್ಮದೊಂದು ಬರೆಹ ಸಿದ್ಧವಿದೆ. ಎರಡನೆಯದನ್ನು ಬರೆಯುವವರು ಯಾರು?