ಇಂಟರ್‌ಲಾಕ್ ಹಾಕಿಸ್ತಿದ್ದೀರಾ? ಕಾಂಟ್ರಾಕ್ಟರ್‌ಗೆ ಕೊನೇ ಕಂತು ಕೊಡೋ ಮುಂಚೆ ಇದನ್ನು ಓದಿ

ಚಳ್ಳಕೆರೆ: ಅಂಗಡಿ ಮುಂದಿನ ಧೂಳು ತಡೆಯೋಕೆ, ಮನೆ ಅಂಗಳ ನೀಟಾಗಿ ಇರೋಕೆ ಈಗ ಬಹಳಷ್ಟು ಜನ ಹಾಕಿಸೋದು ಸಿಮೆಂಟ್ ಪೇವರ್ಸ್, ಅಂದ್ರೆ ಇಂಟರ್‌ಲಾಕ್. ಕಾಂಟ್ರಾಕ್ಟರ್ ಬರ್ತಾರೆ, ಟೇಪ್ ಹಿಡಿದು ಅಳೀತಾರೆ, ಚದರ ಅಡಿಗೆ ಇಷ್ಟು ಅಂತ ಹೇಳ್ತಾರೆ. ನಾವು ಆ ಒಂದು ರೇಟಿನ ಮೇಲೇ ಚೌಕಾಸಿ ಮಾಡ್ತೀವಿ. ಎರಡು ಮೂರು ದಿನದಲ್ಲಿ ಕೆಲಸ ಮುಗಿಯುತ್ತೆ, ನೋಡೋಕೂ ಚೆನ್ನಾಗಿರುತ್ತೆ, ಪೂರ್ತಿ ದುಡ್ಡು ಕೊಟ್ಟು ಕಳಿಸ್ತೀವಿ.

ತೊಂದರೆ ಶುರುವಾಗೋದು ಆಮೇಲೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಬೇಸಿಗೆಯಲ್ಲಿ ಹಾಕಿಸಿದ ಕೆಲಸಕ್ಕೆ ಸರಿಯಾದ ಮಳೆ ತಾಗೋದು ಎಷ್ಟೋ ಸಲ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಅಲ್ಲೀವರೆಗೆ ಕೆಟ್ಟ ಕೆಲಸವೂ ಒಳ್ಳೆ ಕೆಲಸದ ಹಾಗೇ ಕಾಣುತ್ತೆ. ಒಂದು ಜೋರು ಮಳೆ ಬಿದ್ದ ಮೇಲೆ ಅಲ್ಲಲ್ಲಿ ಕುಸಿಯುತ್ತೆ, ಅಂಚಿನ ಕಲ್ಲು ಜರುಗುತ್ತೆ, ನೀರು ಶಟರ್ ಕಡೆ ತಿರುಗುತ್ತೆ. ಅಷ್ಟೊತ್ತಿಗೆ ಕಾಂಟ್ರಾಕ್ಟರ್ ಫೋನ್ ಎತ್ತಲ್ಲ. ಒಣ ಸೀಮೆ, ಇಲ್ಲಿ ಮಳೆ ಎಲ್ಲಿ ಅನ್ನೋ ಹಾಗೂ ಇಲ್ಲ. 1933ರ ನಂತರ ತುಂಬದೇ ಇದ್ದ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಿದ್ದನ್ನು ನಾವೇ ನೋಡಿದ್ದೀವಿ.

ಅದಕ್ಕೇ ಮೇಲಿನ ಕಲ್ಲಿನ ಬಣ್ಣ, ಡಿಸೈನ್‌ಗಿಂತ ಕೆಳಗೆ ಏನು ಹಾಕ್ತಾರೆ ಅನ್ನೋದನ್ನು ಮೊದಲು ಕೇಳಬೇಕು.

ಕುಸಿಯೋದು ಯಾಕೆ?

ಪೇವರ್ಸ್ ಕೆಳಗೆ ಎರಡು ಪದರ ಇರಬೇಕು. ತಳದಲ್ಲಿ ಜಲ್ಲಿ, ಕಲ್ಲುಪುಡಿ ಸೇರಿಸಿ ಕುಟ್ಟಿದ ಸುಮಾರು 4 ಇಂಚಿನ ಗಟ್ಟಿ ಹಾಸು. ಅದರ ಮೇಲೆ 1ರಿಂದ 1.5 ಇಂಚು ಮರಳು ಅಥವಾ ಎಂ-ಸ್ಯಾಂಡ್. ಕಲ್ಲು ಕೂರೋದು ಈ ಮರಳಿನ ಮೇಲೆ. 60 ಎಂಎಂ ಕಲ್ಲಾದರೆ ಎಲ್ಲ ಸೇರಿ ಹತ್ತಿರ ಹತ್ತಿರ 8 ಇಂಚು ಅಗೀಬೇಕು. ಮೇಲಿನ ಮಣ್ಣು ಕೆರೆದು, ಬರೀ ಡಸ್ಟ್ ಸುರಿದು, ಅದರ ಮೇಲೆ ಕಲ್ಲು ಜೋಡಿಸ್ತೀವಿ ಅಂದ್ರೆ ಆ ರೇಟ್ ಎಷ್ಟೇ ಕಡಿಮೆ ಇದ್ರೂ ದುಬಾರಿನೇ.

ಇನ್ನೊಂದು ವಿಷಯ, ನೀರು. ತಳದ ಹಾಸನ್ನು ಹದವಾಗಿ ನೆನೆಸಿ ಕುಟ್ಟಿದರೆ ಮಾತ್ರ ಬಿಗಿಯಾಗುತ್ತೆ. ಒಣಗಿದ್ದಾಗಲೇ ಕುಟ್ಟಿದರೆ ಮೇಲೆ ಗಟ್ಟಿ ಅನ್ನಿಸಿದರೂ ಒಳಗೆ ಸಂದು ಉಳಿಯುತ್ತೆ. ಮೊದಲ ಮಳೆ ನೀರು ಇಳಿದಾಗ ಆ ಸಂದು ಮುಚ್ಚಿಕೊಂಡು ನೆಲ ಕೆಳಗೆ ಹೋಗುತ್ತೆ. ನಮ್ಮ ಕಡೆ ಟ್ಯಾಂಕರ್ ನೀರಿಗೆ ದುಡ್ಡು ಕೊಡಬೇಕು, ಹಾಗಾಗಿ ಕೆಲವರು ಈ ಕೆಲಸವನ್ನೇ ಬಿಟ್ಟುಬಿಡ್ತಾರೆ. ನೀರು ಯಾರು ತರಿಸಬೇಕು, ನೀವಾ ಅವರಾ, ಅನ್ನೋದು ಮೊದಲೇ ತೀರ್ಮಾನ ಆಗಲಿ.

ನಿಮ್ಮದು ಎರೆ ಮಣ್ಣಾದರೆ ಇನ್ನೂ ಹುಷಾರು. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮಳೆಗೆ ಉಬ್ಬುತ್ತೆ. ಬರೀ 8 ಇಂಚು ಸಾಲಲ್ಲ. ಇನ್ನೂ ಒಂದು ಅಡಿಯಷ್ಟಾದರೂ ಎರೆ ತೆಗೆದು, ಗರಸು ಮಣ್ಣು ತುಂಬಿ, ಪದರ ಪದರವಾಗಿ ನೀರು ಹಾಕಿ ಕುಟ್ಟಿಸಿ. ಖರ್ಚು ಜಾಸ್ತಿ, ಆದ್ರೆ ಎರಡನೇ ಸಲ ಕೀಳಿಸೋದಕ್ಕಿಂತ ಕಡಿಮೆ.

ಕಲ್ಲು ಆರಿಸೋದು ಹೇಗೆ?

ಜನ ಓಡಾಡೋ ಅಂಗಳ, ದಾರಿಗೆ 50 ಎಂಎಂ ಸಾಕು. ಬೈಕು, ಕಾರು ನಿಲ್ಲಿಸೋ ಜಾಗಕ್ಕೆ 60 ಎಂಎಂ. ಲೋಡ್ ಗಾಡಿ ಬಂದು ನಿಲ್ಲೋ ಗೋಡೌನ್, ಅಂಗಡಿ ಮುಂದೆ 80 ಎಂಎಂ ಕೇಳಿ. ಪೇವರ್ ಕಲ್ಲಿಗೆ ಐಎಸ್ 15658 ಅನ್ನೋ ಮಾನದಂಡ ಇದೆ. ಅದರ ಪ್ರಕಾರ ಮಾಲು ಇದೆಯಾ ಅಂತ ಫ್ಯಾಕ್ಟರಿಯವರನ್ನು ಕೇಳಬಹುದು, ಟೆಸ್ಟ್ ರಿಪೋರ್ಟ್ ಇದ್ರೆ ತೋರಿಸಿ ಅನ್ನಬಹುದು.

ಕಲ್ಲು ಯಾವ ದಿನ ಹಾಕಿದ್ದು ಅಂತಾನೂ ಕೇಳಿ. ಕಾಂಕ್ರೀಟಿನ ಬಲ ಲೆಕ್ಕ ಹಾಕೋದು 28 ದಿನಕ್ಕೆ. ಕ್ಯೂರಿಂಗ್‌ಗೆ ನೀರು ಸಾಲದೆ ಬಿಸಿಲಲ್ಲಿ ಒಣಗಿದ ಕಲ್ಲು, ವಾರಕ್ಕೇ ಲೋಡ್ ಮಾಡಿದ ಕಲ್ಲು ಬೇಗ ಅಂಚು ಒಡೆಯುತ್ತೆ, ಮೇಲೆ ಪುಡಿ ಏಳುತ್ತೆ.

ಅಂಗಡಿಯವರು ತಮ್ಮ ತಕ್ಕಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡು ಮೂರು ದಿನ ಬಿಸಿಲಲ್ಲಿ ಒಣಗಿದ ಕಲ್ಲನ್ನು ತೂಗಿ. ಆಮೇಲೆ ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಒರೆಸಿ, ಮತ್ತೆ ತೂಗಿ. ಮಾನದಂಡದ ಪ್ರಕಾರ ಸರಾಸರಿ ಶೇ 6ಕ್ಕಿಂತ ಹೆಚ್ಚು ನೀರು ಹೀರಬಾರದು. ಅಂದ್ರೆ 2.7 ಕೆಜಿ ಕಲ್ಲು 160 ಗ್ರಾಂಗಿಂತ ಜಾಸ್ತಿ ತೂಕ ಏರಿದರೆ ಆ ಮಾಲು ಬೇಡ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಅಂದಾಜಷ್ಟೆ. ಆದ್ರೂ ಕಳಪೆ ಮಾಲು ಇದರಲ್ಲಿ ಸಿಕ್ಕಿಬೀಳುತ್ತೆ.

ಲೆಕ್ಕಕ್ಕೆ ಒಂದು ಉದಾಹರಣೆ: 20x15 ಅಡಿ ಜಾಗ ಅಂದ್ರೆ 300 ಚದರ ಅಡಿ. 200x100 ಎಂಎಂ ಅಳತೆಯ ಕಲ್ಲು ಸುಮಾರು 1,400 ಬೇಕು, ಒಡೆಯೋದಕ್ಕೆ ಅಂತ ಸ್ವಲ್ಪ ಹೆಚ್ಚು.

ಕೆಲಸ ನಡೆಯುವಾಗ ಇಷ್ಟು ನೋಡ್ಕೊಳ್ಳಿ

- ಅಂಚು: ಸುತ್ತ ಕರ್ಬ್ ಕಲ್ಲು ಅಥವಾ ಕಾಂಕ್ರೀಟ್ ಅಂಚು ಇರಲೇಬೇಕು. ಇಲ್ಲದಿದ್ದರೆ ಕಲ್ಲುಗಳು ಹೊರಗೆ ಜರುಗುತ್ತಾ ಹೋಗ್ತವೆ.
- ಇಳಿಜಾರು: ಪ್ರತಿ ಅಡಿಗೆ ಕಾಲು ಇಂಚು. 10 ಅಡಿ ದೂರಕ್ಕೆ ಎರಡೂವರೆ ಇಂಚು ಇಳೀಬೇಕು. ಗೋಡೆ, ಶಟರ್ ಕಡೆಯಿಂದ ಹೊರಕ್ಕೆ.
- ಮಷೀನ್: ಕಲ್ಲು ಜೋಡಿಸಿದ ಮೇಲೆ ಪ್ಲೇಟ್ ಕಂಪ್ಯಾಕ್ಟರ್ ಓಡಿಸಬೇಕು. ಕೈ ಸುತ್ತಿಗೆಯಲ್ಲಿ ತಟ್ಟಿದರೆ ಸಾಲಲ್ಲ.
- ಸಂದು: ಒಣಗಿದ ಸಣ್ಣ ಮರಳನ್ನು ಗುಡಿಸಿ ತುಂಬಿ, ಮತ್ತೆ ಮಷೀನ್ ಓಡಿಸಿ, ಮತ್ತೆ ತುಂಬಬೇಕು. ಸಂದಿಗೆ ಸಿಮೆಂಟ್ ಹಾಲು ಸುರಿಯೋಕೆ ಬಿಡಬೇಡಿ. ಅದು ಬಿರುಕು ಬಿಡುತ್ತೆ, ಮುಂದೆ ಪೈಪ್ ರಿಪೇರಿ ಬಂದರೆ ಕಲ್ಲು ಎತ್ತಿ ಮತ್ತೆ ಕೂರಿಸೋಕೂ ಆಗಲ್ಲ.
- ಗಿಡ: ಬೇವು, ತೆಂಗಿನ ಬುಡದ ಸುತ್ತ ಎರಡು ಮೂರು ಅಡಿ ಮಣ್ಣು ಹಾಗೇ ಬಿಡಿಸಿ.

ತಳದ ಹಾಸು ಕುಟ್ಟಿದ ದಿನ ಫೋಟೊ ತೆಗೆದಿಟ್ಟುಕೊಳ್ಳಿ. ಕಲ್ಲು ಮುಚ್ಚಿದ ಮೇಲೆ ಕೆಳಗೇನಿದೆ ಅಂತ ಯಾರಿಗೂ ಕಾಣಲ್ಲ.

ಅಂಗಡಿಯವರಿಗೆ ಒಂದು ಮಾತು. ಚರಂಡಿ ಮೇಲೆ, ಫುಟ್‌ಪಾತ್ ಮೇಲೆ ಹಾಕಿಸೋದಿದ್ರೆ ನಗರಸಭೆಯನ್ನು ಕೇಳಿಯೇ ಹಾಕಿಸಿ. ಆ ಜಾಗ ನಮ್ಮದಲ್ಲ. ಚರಂಡಿಯನ್ನು ಎತ್ತೋಕಾಗದ ಹಾಗೆ ಮುಚ್ಚಿದರೆ ಹೂಳು ತೆಗೆಯೋಕೂ ಆಗಲ್ಲ, ಮಳೆಗಾಲದಲ್ಲಿ ಆ ನೀರು ನುಗ್ಗೋದು ನಮ್ಮ ಅಂಗಡಿಗೇ.

ಚೀಟಿ ಬರೆಸಿ, ಕೊನೇ ಕಂತು ಹಿಡಿದಿಡಿ

"ನೀವು ನಮ್ಮೋರೇ, ಚೀಟಿ ಯಾಕೆ ಅಣ್ಣ" ಅಂತಾರೆ. ನಮ್ಮೋರಾದ್ರೂ ಬರೆಸಿ. ಎಷ್ಟು ಚದರ ಅಡಿ, ಎಷ್ಟು ಎಂಎಂ ಕಲ್ಲು, ಎಷ್ಟು ಇಂಚು ಅಗೆತ, ತಳಕ್ಕೆ ಏನು, ಅಂಚಿನ ಕಲ್ಲು ರೇಟಿನಲ್ಲಿ ಸೇರಿದೆಯಾ, ತೆಗೆದ ಮಣ್ಣು ಯಾರು ಸಾಗಿಸ್ತಾರೆ, ನೀರು ಯಾರದು, ಯಾವಾಗ ಮುಗಿಸ್ತಾರೆ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡನ್ನು ಆದಷ್ಟು ಫೋನ್‌ಪೇ ಅಥವಾ ಬ್ಯಾಂಕ್ ಮೂಲಕ ಕೊಡಿ, ಬಿಲ್ ಕೇಳಿ. ಎರಡು ಮೂರು ಕಡೆ ರೇಟ್ ಕೇಳುವಾಗಲೂ ಇದೇ ಪಟ್ಟಿ ಹಿಡಿದು ಕೇಳಿ. ಯಾರ ರೇಟ್ ಯಾಕೆ ಕಡಿಮೆ ಅಂತ ಆಗ ಗೊತ್ತಾಗುತ್ತೆ. ಅವರು ಒಂದೆರಡು ವರ್ಷದ ಹಿಂದೆ ಮಾಡಿದ, ಮಳೆ ಕಂಡ ಕೆಲಸವನ್ನು ಹೋಗಿ ನೋಡಿ ಬನ್ನಿ. ಹೋದ ವಾರದ ಕೆಲಸ ನೋಡಿ ಏನೂ ತಿಳಿಯಲ್ಲ.

ದುಡ್ಡನ್ನು ಒಟ್ಟಿಗೆ ಕೊಡಬೇಡಿ. ಮಾಲು ಇಳಿದಾಗ ಒಂದು ಕಂತು, ತಳ ಕುಟ್ಟಿದ ಮೇಲೆ ಒಂದು, ಕಲ್ಲು ಮುಗಿದಾಗ ಒಂದು. ಶೇ 10ರಷ್ಟನ್ನು ಮೊದಲ ಒಳ್ಳೆ ಮಳೆವರೆಗೆ ಹಿಡಿದಿಡ್ತೀನಿ ಅಂತ ಚೀಟಿಯಲ್ಲೇ ಬರೆಸಿ. ಅಷ್ಟು ದಿನ ಕಾಯೋಕೆ ಅವರು ಒಪ್ಪದಿದ್ದರೆ ಎರಡು ಮೂರು ಡ್ರಮ್ ನೀರು ಸುರಿಸಿ ಅವರ ಎದುರಿಗೇ ನೋಡಿ. ನೀರು ಎತ್ತ ಹರಿಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ನಿಂತ ಕಡೆ ಕಲ್ಲು ಎತ್ತಿ ಸರಿ ಮಾಡಿದ ಮೇಲೆ ಲೆಕ್ಕ ಚುಕ್ತಾ ಮಾಡಿ.

ಕೆಲಸ ಕೆಟ್ಟು, ಕಾಂಟ್ರಾಕ್ಟರ್ ಕೈ ಎತ್ತಿದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬಹುದು. ಕೆಲಸಕ್ಕೆ ಕೊಟ್ಟ ದುಡ್ಡು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕ ಇಲ್ಲ. ಜೀವನೋಪಾಯಕ್ಕೆ ಸ್ವಂತ ಅಂಗಡಿ ನಡೆಸೋರಿಗೂ ಕಾನೂನು ಅವಕಾಶ ಕೊಟ್ಟಿದೆ. ಮೊದಲು ಸಲಹೆ ಬೇಕಂದ್ರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಮೊದಲು ಕೇಳೋದು ಬಿಲ್ಲು, ಚೀಟಿ, ಫೋಟೊನೇ. ಅದಕ್ಕೇ ಅಗೆಯೋ ದಿನವೇ ಇವೆಲ್ಲ ಕೈಯಲ್ಲಿ ಇರಲಿ.